ಮೊದಲನೇ ಬೇಸಿನ ನಕಲಿ ಕೋಚ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2014ರ ಆ ಶನಿವಾರ ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡವನ್ನು ಸೋಲಿಸಿದ್ದು ಎದುರಾಳಿಗಳಲ್ಲ, ನಾನು. ಅದೂ ಬ್ಯಾಟು, ಚೆಂಡು ಯಾವುದನ್ನೂ ಮುಟ್ಟದೆ. ಮುಟ್ಟಿದ್ದು ನನ್ನದೇ ಬೆಲ್ಟು, ನನ್ನದೇ ಕಿವಿ.

ಎದುರಿಗೆ ಸಿಕ್ಕವರ ನಡಿಗೆ, ಕೆಮ್ಮು, ಮಾತು ಅರ್ಧ ಗಂಟೆಯಲ್ಲಿ ನನಗೆ ಅಂಟಿಕೊಳ್ಳುತ್ತವೆ. ಮೈಸೂರಿನಲ್ಲಿ ಹೆಡ್‌ಮಾಸ್ಟರರ ದನಿಯಲ್ಲಿ ರಜಾ ಘೋಷಿಸಿ ಒದೆ ತಿಂದವನು ನಾನು. ಅಮೆರಿಕದಲ್ಲಿ ಒದೆಯುವುದಿಲ್ಲ ಎಂದು ಗೊತ್ತಾದ ಮೇಲೆ ಇನ್ನಷ್ಟು ಕೆಟ್ಟೆ.

ನಮ್ಮ ಕೋಚ್ ವಿನಾಯಕ ಧಾರವಾಡದವರ ಮಗ, ಹತ್ತನೇ ವಯಸ್ಸಿಗೆ ಅಮೆರಿಕದ ರೆಂಟನ್ ಊರಿಗೆ ಬಂದವನು. ಬೆಲ್ವ್ಯೂ ಕಡೆಯ ನಮ್ಮ ಕಾಲೇಜಿಗೇ ಕ್ಯಾಚರ್ ಆಗಿ ಆಡಿದ್ದ. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಕುಕ್ಕರಗಾಲೇ ಗತಿ. ಇಪ್ಪತ್ತೆರಡಕ್ಕೇ ಮಂಡಿ ಹೋಯಿತು. ಆಮೇಲೆ ಎರಡು ವರ್ಷ ಸಹಾಯಕ ಕೋಚ್ ಎಂಬ ಬಿರುದು ಹೊತ್ತು ಒದ್ದೆ ಮೈದಾನಕ್ಕೆ ಮಣ್ಣು ಹರವಿದ, ಚೆಂಡು ಆರಿಸಿದ. "ಆಡೂದಂತೂ ಮುಗೀತು. ಈಗ ಆಡೋರನ್ನ ನೋಡ್ಕೋತ ನಿಂದ್ರೂದಕ್ಕೂ ನೌಕರಿ ಅಂತಾರೇನು?" ಎಂದು ಅವನ ತಾಯಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದರು. ಆ ವರ್ಷ ಅವನಿಗೆ ತಂಡವನ್ನು ಪರೀಕ್ಷಾರ್ಥವಾಗಿ ಕೊಟ್ಟಿದ್ದರು. ಶನಿವಾರ ಗೆದ್ದರೆ ಕೆಲಸ ಕಾಯಂ, ಸೋತರೆ 'ನೋಡೋಣ' ಎಂದಿದ್ದರು ಕ್ರೀಡಾ ನಿರ್ದೇಶಕರು. 'ನೋಡೋಣ' ಎಂದರೆ ಎಲ್ಲ ದೇಶಗಳಲ್ಲೂ ಒಂದೇ ಅರ್ಥ.

ಓಟಗಾರ ಒಂದೊಂದಾಗಿ ದಾಟಬೇಕಾದ ನಾಲ್ಕು ನಿಲುಗಡೆಗಳೇ ಬೇಸುಗಳು. ಆಟ ನಡೆಯುವಾಗ ಕೋಚ್ ಮೂರನೇ ಬೇಸಿನ ಪಕ್ಕ ನಿಂತು ಕೈಸನ್ನೆ ಮಾಡುತ್ತಾನೆ. ಟೋಪಿ, ಎದೆ, ಮೂಗು ಎಲ್ಲ ಮುಟ್ಟುತ್ತಾನೆ. ಎದುರಾಳಿಯ ಕಣ್ಣಿಗೆ ಮಣ್ಣೆರಚಲು. ನಮ್ಮಲ್ಲಿ ಬೆಲ್ಟು ಮುಟ್ಟಿದ ಮೇಲೆ ಕಿವಿ ಮುಟ್ಟಿದರೆ ಮಾತ್ರ ನಿಜವಾದ ಅಪ್ಪಣೆ: ಮುಂದಿನ ಬೇಸಿಗೆ ಓಡು. ಬ್ಯಾಟು ಹಿಡಿಯಲು ಬಾರದ ನನ್ನನ್ನು ಕೋಚನ ಸನ್ನೆಯನ್ನು ಓಟಗಾರನಿಗೆ ದಾಟಿಸಲು ಮೊದಲನೇ ಬೇಸಿನ ಬಳಿ ನಿಲ್ಲಿಸಿದ್ದರು. ಕೊನೆಯ ಸರದಿ, ಒಂದೇ ರನ್ ಹಿಂದಿದ್ದೇವೆ, ಇನ್ನೊಬ್ಬ ಔಟಾದರೆ ಆಟ ಮುಗಿದಂತೆ. ನಾನು ಬೆಂಚಿನಲ್ಲಿ ಕುಳಿತವರನ್ನು ನಗಿಸಲು ಕೋಚನ ಕುಂಟು, ಮಾತಿಗೆ ಮುಂಚೆ ಬರುವ ಅವನ ಕೆಮ್ಮು, ಬೆಲ್ಟು, ಕಿವಿ ಎಲ್ಲ ಮಾಡಿ ತೋರಿಸಿದೆ. ಅವರು ನಕ್ಕರು. ಆದರೆ ನನ್ನ ಪಕ್ಕದಲ್ಲಿದ್ದ ಓಟಗಾರ ಕೈಲ್ ನಗಲಿಲ್ಲ, ಓಡಿದ. ಔಟ್. ಆಟ ಮುಗಿಯಿತು.

ನಿರ್ದೇಶಕರು ಛತ್ರಿ ಮಡಚುತ್ತಾ ಬಂದು, "ಓಡು ಅಂತ ಸನ್ನೆ ಕೊಟ್ಟವರು ಯಾರು?" ಎಂದರು. ನಾನು ಆಟಗಾರರು ಜಗಿದು ಉಗಿದಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆಗಳನ್ನು ಗಂಭೀರವಾಗಿ ಅಭ್ಯಾಸ ಮಾಡುತ್ತಿದ್ದೆ.

ವಿನಾಯಕ ಒಮ್ಮೆ ಕೆಮ್ಮಿ, "ತಪ್ಪು ನನ್ನದು, ಸರ್" ಎಂದ.

ಕಾರಿಲ್ಲದ ನನ್ನನ್ನು ದಿನಾ ಮನೆಗೆ ಬಿಡುತ್ತಿದ್ದವನೂ ಅವನೇ. 405ನೇ ಹೆದ್ದಾರಿಯಲ್ಲಿ ಟ್ರಾಫಿಕ್ ತೆವಳುತ್ತಿತ್ತು. ಅವನು ಬೈದಿದ್ದರೆ ಆ ಬೈಗುಳವನ್ನಾದರೂ ಕಲಿತುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೊನೆಗೆ ಧೈರ್ಯ ಮಾಡಿ, "ಸೋಮವಾರ ಡೈರೆಕ್ಟರ್ ಹತ್ರ ನಾನೇ ಹೋಗ್ತೀನಿ. ಹೋಗಿ ಹೇಳ್ತೀನಿ, 'ತಪ್ಪು ನನ್ನದು, ಸರ್' ಅಂತ" ಎಂದೆ. ಹೇಳಿದ ಮೇಲೆ ಗೊತ್ತಾಯಿತು: ಕೆಮ್ಮಿನ ಸಮೇತ ಬಂದದ್ದು ಅವನದೇ ದನಿ. ಬೇಕೆಂದು ಮಾಡಿದ್ದಲ್ಲ, ಹುಡುಕಿದರೆ ಒಳಗೆ ಬೇರೆ ಯಾವುದೂ ಸಿಗಲಿಲ್ಲ.

ನಮ್ಮೊಡನೆ ಸದಾ ಇಂಗ್ಲಿಷಾಡುವ ವಿನಾಯಕ, ರಸ್ತೆಯಿಂದ ಕಣ್ಣು ತೆಗೆಯದೆ, ಧಾರವಾಡಕ್ಕಿಳಿದ:

"ನನ್ನ ದನಿಯೊಳಗ ನಾನ ಆಗಲೇ ಹೇಳೇನಿ. ಸೋಮವಾರ ನಿನ್ನ ದನಿಯೊಳಗ ಹೇಳು."