ಗುಲಾಬಿ ಮುಂಡಾಸು

ಬಹಳ ಹಿಂದಿನ ಮಾತು ಸ್ವಾಮಿ, ಮೀಸೆಯ ಉದ್ದ ಅಳೆದು ಮಂತ್ರಿಗಿರಿ ಹಂಚುವ ರಣಕೇಸರಿಪುರ ಎಂಬ ರಾಜ್ಯವಿತ್ತು. ಅದರ ಧ್ವಜ ಕಡುಗೆಂಪು. ವರ್ಷವರ್ಷವೂ ವಿಜಯೋತ್ಸವಕ್ಕೆ ಮುಂಚೆ ಅದಕ್ಕೆ ಬಣ್ಣ ಹಾಕುವವಳು ದೇವೀರಮ್ಮ. ಆ ವರ್ಷ ವರ್ಣಖಾತೆಯ ಸಚಿವ ಧೂರ್ಜಟಿಯ ಕಚೇರಿಯಿಂದ ನಾಲ್ಕು ಸೇರು ಬಣ್ಣ ಹೊರಟು, ಆಕೆಯ ಮನೆ ತಲುಪುವಷ್ಟರಲ್ಲಿ ಒಂದು ಹಿಡಿಯಾಗಿತ್ತು. ದಾರಿಯಲ್ಲಿ ಎಷ್ಟು ಕೈಗಳಿದ್ದವೋ, ಪಾಪ! ಎಷ್ಟು ಕುದಿಸಿದರೂ ಧ್ವಜ ಗುಲಾಬಿಯ ಆಚೆಗೆ ಹೋಗಲೊಲ್ಲದು.

ಅದೇ ಹಗ್ಗದ ಮೇಲೆ ಮಗಳು ಚಿಕ್ಕತಾಯಿಯ ಧಾರೆ ಸೀರೆ ಒಣಗುತ್ತಿತ್ತು. ಅದೂ ಗುಲಾಬಿ; ಆದರೆ ಬೇಕೆಂದೇ ಹಾಕಿದ ಗುಲಾಬಿ. ಸೆರಗಿಗೆ ದೇವೀರಮ್ಮ ತಾನೇ ಕೂತು ಕುಚ್ಚು ಕಟ್ಟಿದ್ದಳು. ಆ ರಾಜ್ಯದಲ್ಲಿ ಗುಲಾಬಿ ಎಂದರೆ ಮದುಮಗಳ ಬಣ್ಣ, ಬೊಂಬಾಯಿ ಮಿಠಾಯಿಯ ಬಣ್ಣ, ನಾಚಿದ ಕೆನ್ನೆಯ ಬಣ್ಣ. ಗಂಡಸರು ಕಲ್ಲಂಗಡಿಯನ್ನು ಕೂಡ ಕಣ್ಣು ಮುಚ್ಚಿಕೊಂಡೇ ತಿನ್ನುತ್ತಿದ್ದರು.

"ಅವ್ವಾ, ಎರಡೂ ಒಂದೇ ಥಾನಿಂದ ಕತ್ತರಿಸ್ದಂಗವೆ," ಎಂದಳು ಮಗಳು.

"ಬಾಯ್ ಮುಚ್ಚೇ ಮಾರಾಯ್ತಿ! ನನ್ನ ತಲೆ ಉಳುದ್ರೆ ತಾನೆ ನಿನ್ನ ಮದ್ವೆ?"

ಉತ್ಸವದ ದಿನ ಧ್ವಜ ಏರಿತು. ಮಹಾರಾಜ ಪ್ರಚಂಡಬಾಹು ಹುಬ್ಬು ಗಂಟಿಕ್ಕಿದ. "ಏನಿದು? ನಮ್ಮ ಶೌರ್ಯಕ್ಕೆ ಹುಷಾರಿಲ್ಲವೇ?"

ಕಂಬದ ಹಿಂದೆ ನಿಂತಿದ್ದ ದೇವೀರಮ್ಮನ ಕೈಕಾಲು ತಣ್ಣಗಾದವು. ಧೂರ್ಜಟಿಯವು ಅದಕ್ಕಿಂತ ತಣ್ಣಗಾದವು. ತನಿಖೆ ನಡೆದರೆ ಕದ್ದ ಬಣ್ಣದ ಮೂಟೆ ಸಿಗುವುದು ಅವನ ಅಟ್ಟದಲ್ಲಿ.

"ಅಪ್‌ಗ್ರೇಡ್, ಮಹಾಪ್ರಭು!" ಎಂದುಬಿಟ್ಟ. "ಕೆಂಪು ಬರೀ ಸಿಟ್ಟು. ಸಿಟ್ಟು ಮಾಗಿದರೆ ಗುಲಾಬಿ. ತಮ್ಮ ಅಂಗಾಲು ಯಾವ ಬಣ್ಣ, ಪ್ರಭು?"

ರಾಜ ಪಾದುಕೆ ಕಳಚಿ ನೋಡಿಕೊಂಡ. ಗುಲಾಬಿ! ಆಸ್ಥಾನವೆಲ್ಲ ಆನಂದದಿಂದ ಗೊಳೋ ಎಂದು ಅತ್ತಿತು.

ನಿಂತ ಕಾಲಲ್ಲೇ ರಾಜಾಜ್ಞೆಯಾಯಿತು. ಇಂದಿನಿಂದ ಗುಲಾಬಿ ಗಂಡಸರ ಬಣ್ಣ. ಸೈನ್ಯಕ್ಕೆಲ್ಲ ಗುಲಾಬಿ ಮುಂಡಾಸು, ಮೊದಲನೆಯದು ಮಹಾರಾಜರಿಗೆ. ಆದರೆ ಉಗ್ರಾಣದಲ್ಲಿ ಬಣ್ಣ ಎಲ್ಲಿದೆ? ಧೂರ್ಜಟಿ ತಲೆ ಕೆರೆದುಕೊಂಡು ಎರಡನೇ ಆಜ್ಞೆ ಬರೆಸಿದ: ಹೆಂಗಸರು ಗುಲಾಬಿ ಉಡುವುದು ಪೌರುಷದ ಕಳವು, ಇದ್ದದ್ದನ್ನೆಲ್ಲ ಅರಮನೆಗೆ ಒಪ್ಪಿಸತಕ್ಕದ್ದು, ಹೆಣ್ಣುಕೂಸುಗಳ ಅಂಗಾಲು ಗುಲಾಬಿಯಿದ್ದಲ್ಲಿ ಕಾಡಿಗೆ ಬಳಿಯತಕ್ಕದ್ದು.

ಮರುದಿನ ಅವನೇ ಭಟರೊಡನೆ ಬಂದು ಹಗ್ಗದ ಮೇಲಿನ ಸೀರೆಗೆ ಕೈ ಹಾಕಿದ.

"ಬುದ್ಧೀ, ನಾಡಿದ್ದೇ ಮಗಳ ಮದ್ವೆ!" ದೇವೀರಮ್ಮ ಇನ್ನೊಂದು ತುದಿ ಹಿಡಿದಳು. "ಬಣ್ಣ ಕಮ್ಮಿ ಬಂದಿದ್ಕೇ ಅಲ್ವಾ ಬಾವುಟ ಹಂಗಾಗಿದ್ದು?"

"ಓಹೋ, ಹಾಗಾದರೆ ಬಾವುಟ ಕೆಡಿಸಿದವಳು ನೀನೇ ಎಂದು ಪ್ರಭುಗಳಿಗೆ ತಿಳಿಸಲೇ?"

ಆಕೆಯ ಒಂದು ಕೈ ತಂತಾನೇ ಕುತ್ತಿಗೆಗೆ ಹೋಯಿತು. ಇನ್ನೊಂದು ಕೈ ಸೀರೆ ಬಿಟ್ಟಿತು.

ಮದುವೆಯ ದಿನ ಚಿಕ್ಕತಾಯಿ ಅವ್ವನ ಹಳೇ ಬೂದು ಸೀರೆ ಉಟ್ಟು ಧಾರೆಗೆ ನಿಂತಳು. ಅದೇ ಹೊತ್ತಿಗೆ ಚಪ್ಪರದ ಮುಂದೆ ರಾಜನ ಆನೆ ಬಂತು. ಪ್ರಭುವಿನ ತಲೆಯ ಮೇಲೆ ಗುಲಾಬಿ ಮುಂಡಾಸು, ಕಿವಿಯ ಪಕ್ಕದಲ್ಲಿ ದೇವೀರಮ್ಮ ಕಟ್ಟಿದ್ದ ಕುಚ್ಚು. ಭಟರು ಭರ್ಜಿ ಎತ್ತಿದರು. "ಗಂಡೆದೆಯ ಪ್ರಭುಗಳಿಗೆ ಜಯವಾಗಲಿ!" ಎಂದು ದೇವೀರಮ್ಮನೂ ಕೂಗಿದಳು.

ರಾಜ ಮದುಮಗಳನ್ನು ನೋಡಿ ಮರುಗಿದ. "ಅಯ್ಯೋ, ಮದುವೆಗೂ ಬೂದು ಸೀರೆಯೇ? ನಮ್ಮ ಪ್ರಜೆಗಳಿಗೆ ಬಣ್ಣದ ಗಂಧವೇ ಇಲ್ಲವಲ್ಲ!"

ಅವಮಾನಕ್ಕೆ ಚಿಕ್ಕತಾಯಿಯ ಕೆನ್ನೆ ಗುಲಾಬಿಯಾಯಿತು. ಧೂರ್ಜಟಿ ತಡಮಾಡದೆ ಕಾಡಿಗೆ ತರಿಸಿದ.