ಆಮೆಯ ಬೆನ್ನಿನ ಬಿರುಕು

ನಮ್ಮ ಚಿಕ್ಕಪ್ಪ ತಪ್ಪೇ ಮಾಡದ ಮನುಷ್ಯರು. ಇದು ನನ್ನ ಮಾತಲ್ಲ, ಅವರದೇ! ಎಪ್ಪತ್ತೊಂದು ವರ್ಷಗಳಲ್ಲಿ ‘ನನ್ನ ತಪ್ಪು’ ಎಂಬ ಎರಡು ಪದಗಳು ಅವರ ಬಾಯಿಂದ ಜೊತೆಯಾಗಿ ಹೊರಬಿದ್ದದ್ದನ್ನು ಕೇಳಿದವರು ಇಡೀ ಮದರಾಸಿನಲ್ಲಿ ಯಾರೂ ಇರಲಿಲ್ಲ. ಸ್ಕೂಟರ್ ಹೋಗಿ ಗೇಟಿಗೆ ಗುದ್ದಿದರೆ, ಗೇಟು ನಿಂತ ಜಾಗ ತಪ್ಪು. ಮೂವತ್ತು ವರ್ಷ ಕಟ್ಟಡಗಳ ಬಿರುಕು ನೋಡಿ, ಅದು ಯಾರ ತಪ್ಪೆಂದು ವರದಿ ಬರೆಯುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ಕಟ್ಟಡಗಳು ಬದುಕಿಕೊಂಡವು. ನಾವು ಸಿಕ್ಕಿಕೊಂಡೆವು. ಅವರ ಬಿಳಿ ಪಂಚೆಯ ಮೇಲೆ ಒಂದು ಚುಕ್ಕೆ ಕಂಡರೂ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ “ಯಾರು ಮಾಡಿದ್ದು?” ಎಂದು ತನಿಖೆ!

ಇಂಥವರು ಮೊಮ್ಮಗಳ ಆರನೆಯ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡಿದ ದಿನ, ಮಾಧವರಂನ ಅವರ ಅಡುಗೆಮನೆಯಲ್ಲಿ ನಾನಿದ್ದೆ. ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲೇ ಹೇಳುತ್ತೇನೆ. ಹಸಿರು ಚಟ್ನಿ ನೋಡಿದರೆ ಇವತ್ತಿಗೂ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತೇನೆ. ಮನ್ನಿಸಬೇಕು.

ಹಿಂದಿನ ವರ್ಷ ಅಂಗಡಿಯಿಂದ ತರಿಸಿದ ಕೇಕಿನ ಮೇಲೆ ಬೇರೆ ಯಾವುದೋ ಮಗುವಿನ ಹೆಸರಿತ್ತು. ನಮ್ಮ ಹುಡುಗಿ ಅಳಲಿಲ್ಲ. ಚಾಕುವನ್ನು ಮೇಜಿನ ಮೇಲಿಟ್ಟು ಹೋಗಿ ಮಂಚದ ಕೆಳಗೆ ಕುಳಿತಳು. ಚಿಕ್ಕಪ್ಪ ನೆಲಕ್ಕೆ ಮಲಗಿ, ಮಂಚದಡಿಗೆ ತಲೆ ತೂರಿಸಿ ಮಾತು ಕೊಟ್ಟರು: “ಮುಂದಿನ ವರ್ಷ ತಾತಾನೇ ಮಾಡ್ತೀನಿ. ಏನ್ ಬೇಕು ಹೇಳು.”

“ಆಮೈ,” ಎಂದಳು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಕಡಲತೀರದಲ್ಲಿ ಆಮೆಮರಿಗಳು ನೀರಿಗಿಳಿಯುವುದನ್ನು ನೋಡಿ ಬಂದಾಗಿನಿಂದ ಅವಳಿಗೆ ಆಮೆಯ ಹುಚ್ಚು. ವರ್ಷವಿಡೀ ಕಾದಳು. ತಾತ ಆಮೆ ಮಾಡುತ್ತಾರೆಂದು ಆರು ಜನ ಗೆಳತಿಯರಿಗೆ ಸಾರಿ, ಸಂಜೆ ಐದಕ್ಕೆ ಬರಹೇಳಿದ್ದಳು.

ಕೇಕನ್ನು ಬೋಗುಣಿಯಲ್ಲಿ, ಮೊಟ್ಟೆಯಿಲ್ಲದೆ ಬೇಯಿಸಿದ್ದು ಚಿಕ್ಕಮ್ಮ. ಆದ್ದರಿಂದ ಅದು ಚೆನ್ನಾಗಿಯೇ ಬಂದಿತ್ತು. ಬೋರಲು ಹಾಕಿದರೆ ಆಮೆಯ ಬೆನ್ನೇ! “ಇನ್ಮೇಲೆ ನನ್ನ ಡಿಪಾರ್ಟ್‌ಮೆಂಟು,” ಎಂದು ಚಿಕ್ಕಪ್ಪ ಒಳಗೆ ಬಂದರು. ಒಂದು ಕೈಯಲ್ಲಿ ಗಾರೆ ಬಳಿಯುವ ಕರಣೆ, ಇನ್ನೊಂದರಲ್ಲಿ ಮೇಸ್ತ್ರಿಗಳ ರಸಮಟ್ಟ. ಕಂಕುಳಲ್ಲಿ, ಪಲ್ಲಾವರಂನ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ, ಯಾರದೋ ಟಿ.ವಿ. ಹೊತ್ತು ತಿರುಗಿ ತಿರುಗಿ ಸುಸ್ತಾದ ತಿರುಗುಮಣೆ. ಕೇಕನ್ನು ಅದರ ಮೇಲೆ ಕೂರಿಸಿ, ರಸಮಟ್ಟ ಇಟ್ಟು, “ಮಟ್ಟ ಇಲ್ಲ,” ಎಂದು ಹೆಂಡತಿಯ ಕಡೆ ನೋಡಿದರು.

“ಆಮೆ ಬೆನ್ನು ಎಲ್ಲಾದ್ರೂ ಮಟ್ಟ ಇರತ್ತೇನ್ರೀ?”

ಮೂರು ಗಂಟೆಗೆ ಬೆಣ್ಣೆ, ಸಕ್ಕರೆಪುಡಿ, ಹಸಿರು ಬಣ್ಣ ಕಲಸಿ ಬಳಿಯತೊಡಗಿದರು. ಕೇಕಿನ ಪುಡಿಯೆಲ್ಲ ಎದ್ದು ಐಸಿಂಗಿಗೆ ಮೆತ್ತಿಕೊಂಡಿತು. ಮೊದಲು ತೆಳ್ಳಗೆ ಒಂದು ಕೈ ಬಳಿದು, ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಮೇಲೆ ಇನ್ನೊಂದು ಕೈ ಬಳಿಯಬೇಕಂತೆ ಎಂದು ನಾನು ಮೆಲ್ಲಗೆ ಹೇಳಿದೆ.

“ಗಾರೆ ಕೆಲಸ ನನಗೇ ಹೇಳ್ಕೊಡ್ತೀಯಾ? ಕೇಕ್ ಉದುರ್ತಾ ಇದೆ. ಬೇಯಿಸಿದವರ ತಪ್ಪು.”

ಹತ್ತು ನಿಮಿಷದ ನಂತರ ಕೇಕನ್ನು ಅವರೇ ಫ್ರಿಜ್ಜಿನಲ್ಲಿಟ್ಟು, “ಗಾರೆ ಕೆಲಸದಲ್ಲಿ ಇದಕ್ಕೆ ಕ್ಯೂರಿಂಗ್ ಅಂತಾರೆ, ತಿಳ್ಕೋ,” ಎಂದರು. ತಿಳಿದುಕೊಂಡೆ.

ಹೊರಗೆ ತೆಗೆದು ಎರಡನೆಯ ಕೈ ಬಳಿದು, ಮುಂಭಾಗದಲ್ಲಿ ಎರಡು ಒಣದ್ರಾಕ್ಷಿ ಒತ್ತಿ ಕಣ್ಣು ಮಾಡಿದರು. ಏಪ್ರಿಲ್ ತಿಂಗಳ ಚೆನ್ನೈ! ನಾವೇ ಕರಗುತ್ತಿರುವಾಗ ಬೆಣ್ಣೆ ನಿಂತೀತೇ? ಆಮೆಯ ಕಣ್ಣಿನಿಂದ ಹಸಿರು ಧಾರೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಮಗು ಗಾಬರಿಯಿಂದ, “ತಾತಾ, ಆಮೈ ಅಳುದು!” ಎಂದಿತು.

“ಅಳಲ್ಲ ಕಂದಾ. ಬೆವರ್ತಾ ಇದೆ,” ಎಂದು ಚಿಕ್ಕಪ್ಪ ಬಟ್ಟಲಿಗೆ ಸಕ್ಕರೆಪುಡಿ ಸುರಿದೇ ಸುರಿದರು. ಐಸಿಂಗ್ ಈಗ ಎಷ್ಟು ಗಟ್ಟಿಯಾಯಿತೆಂದರೆ, ಬಳಿದು ಮುಗಿಸುವಷ್ಟರಲ್ಲಿ ಆಮೆಯ ಬೆನ್ನಿನ ನಟ್ಟನಡುವೆ ಟಪ್ಪನೆ ಬಿರುಕು. ಚಿಕ್ಕಪ್ಪನ ಕಣ್ಣು ಹೊಳೆಯಿತು! ಭೂತಗನ್ನಡಿ ತಂದು, ಅಡ್ಡ ಉದ್ದ ನೋಡಿ, “ತಳಪಾಯದ ದೋಷ,” ಎಂದು ತೀರ್ಪು ಕೊಟ್ಟರು.

“ಒಂದು ಚಮಚ ಹಾಲು ಬೆರೆಸಿ, ಬಿಸಿನೀರಲ್ಲಿ ಅದ್ದಿದ ಚಮಚದ ಬೆನ್ನಲ್ಲಿ ಸವರಿದ್ರೆ ಮುಚ್ಚತ್ತಲ್ರೀ,” ಎಂದರು ಚಿಕ್ಕಮ್ಮ. ಯಾರು ಕೇಳುತ್ತಾರೆ? ಉಳಿದ ಐಸಿಂಗನ್ನೆಲ್ಲ ಬಿರುಕಿನ ಮೇಲೆ ಪೇರಿಸಿದರು. ಒಂದು ಗೇಣು ಎತ್ತರ!

ಚಿಕ್ಕಮ್ಮ ಹಾಗೇ ನಿಂತುಬಿಟ್ಟರು. ಅವರ ಕೈಗಳು ತಾವಾಗಿಯೇ ಕೂಡಿಕೊಂಡವು. “ಕೃಷ್ಣಾ! ಮಂದರ ಪರ್ವತ! ಇದು ಸಾಕ್ಷಾತ್ ಕೂರ್ಮಾವತಾರ ಅಲ್ವೇನ್ರೀ? ಮಗು ಕೈಲಿ ಚಾಕು ಕೊಟ್ಟು ಇದನ್ನ ಕೊಯ್ಯಿಸ್ತೀರಾ, ಹುಟ್ಟಿದಬ್ಬದ ದಿನ?”

ನೋಡಿಕೊಂಡರೆ ನನ್ನ ಕೈಗಳೂ ಕೂಡಿಕೊಂಡಿದ್ದವು. ಅದನ್ನೂ ಮುಚ್ಚಿಡಬಾರದು.

“ಅವತಾರನೂ ಇಲ್ಲ ಏನೂ ಇಲ್ಲ. ಬೀಚ್ ಆಮೆ.”

“ಬೀಚ್ ಆಮೆ ಬೆನ್ನ ಮೇಲೆ ಬೆಟ್ಟ ಯಾಕೆ?”

“ಅದು ಬೆಟ್ಟ ಅಲ್ಲ, ರಿಪೇರಿ.”

“ಹಾಗಾದ್ರೆ ತೆಗೀರಿ.”

“ತೆಗೆದ್ರೆ ಬಿರುಕು ಕಾಣತ್ತೆ.”

“ಬಿರುಕು ಯಾರ ತಪ್ಪು?”

“ಹವೆಯದ್ದು!”

ನಾಲ್ಕೂ ಮುಕ್ಕಾಲು. ಬೆಟ್ಟವಿದ್ದರೆ ಕೊಯ್ಯುವಂತಿಲ್ಲ, ಬೆಟ್ಟ ತೆಗೆದರೆ ಚಿಕ್ಕಪ್ಪನ ತಪ್ಪು ಹೊರಬೀಳುತ್ತದೆ. ಇಬ್ಬರೂ ವಾದಿಸುತ್ತಲೇ ಹಾಲ್‌ಗೆ ನಡೆದರು. ನಾನು ಬಾಗಿಲ ಬಳಿ ನಿಂತಿದ್ದೆ. ಮಗು ಸ್ಟೂಲ್ ಎಳೆದುಕೊಂಡು ಹತ್ತಿತು. ಬೆಟ್ಟದ ತುದಿಗೆ ತೋರುಬೆರಳು ಹಾಕಿ, ಬುಡದವರೆಗೂ ಒಂದು ಗೀರು ಎಳೆಯಿತು. ಅಷ್ಟೇ. ಬೆಟ್ಟ ಮೆಲ್ಲಗೆ ವಾಲಿ, ಜಾರಿ, ಆಮೆಯ ಒಂದು ಕಣ್ಣನ್ನೂ ಕರೆದುಕೊಂಡು ನೆಲಕ್ಕೆ ಬಿತ್ತು.

ಮಗು ಹಸಿರು ಬೆರಳನ್ನು ಎತ್ತಿ ಹಿಡಿದೇ ನಿಂತಿತ್ತು. ವರ್ಷವಿಡೀ ಕಾದ ಆಮೆ. ಅದನ್ನು ಕೆಡಿಸಿದ್ದು ತಾನೇ. ಮೇಲಾಗಿ, ಈ ಮನೆಯ ತನಿಖೆ ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಅದೇ ಹೊತ್ತಿಗೆ ಕರೆಗಂಟೆ. ಶೋಳಿಂಗನಲ್ಲೂರಿನ ಆಫೀಸಿನಿಂದ ಬಂದ ಅವಳಮ್ಮ, ಹಿಂದೆ ಆರು ಗೆಳತಿಯರು, ವಾದ ಬಿಟ್ಟುಬಂದ ಚಿಕ್ಕಪ್ಪ ಚಿಕ್ಕಮ್ಮ, ಎಲ್ಲರೂ ಒಟ್ಟಿಗೇ ಅಡುಗೆಮನೆಯ ಬಾಗಿಲಿಗೆ ಬಂದರು.

“ಅಯ್ಯಯ್ಯೋ, ಯಾರು ಮಾಡಿದ್ದು?” ಈ ಸಲ ಕೇಳಿದ್ದು ಚಿಕ್ಕಮ್ಮ.

ಚಿಕ್ಕಪ್ಪ ನೆಲದ ಮೇಲಿನ ಬೆಟ್ಟವನ್ನು ನೋಡಿದರು. ಅದರಲ್ಲೊಂದು ಗೀರು, ಸರಿಯಾಗಿ ಒಂದು ಪುಟ್ಟ ಬೆರಳಿನಷ್ಟು ಅಗಲ. ಮೂವತ್ತು ವರ್ಷ ಬಿರುಕು ಓದಿದ ಕಣ್ಣಿಗೆ ಅದೊಂದು ಓದಲು ಬಾರದೇ? ಅವರು ಎರಡು ಹೆಜ್ಜೆ ನಡೆದು ಮಗುವಿಗೆ ಅಡ್ಡವಾಗಿ ನಿಂತರು. ಬೆನ್ನ ಹಿಂದೆ ಕೈ ಚಾಚಿ ಅವಳ ಬೆರಳು ಹುಡುಕಿದರು. ಆ ಬಿಳಿ ಪಂಚೆಯ ಚುಂಗಿನಿಂದ ಅದನ್ನು ಒರೆಸುತ್ತಾ ಹೇಳಿದರು:

“ನನ್ನ ತಪ್ಪು. ಭಾರ ಜಾಸ್ತಿ ಹಾಕ್ಬಿಟ್ಟೆ.”

ಚಿಕ್ಕಮ್ಮನ ಕೈಯಿಂದ ಸೌಟು ಬಿತ್ತು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ನೋಡಿಕೊಂಡೆ.

ಬೆಟ್ಟ ಹೋಗಿ ಅವತಾರವೂ ಮುಗಿದಿತ್ತು; ಬರೀ ಆಮೆ ಉಳಿದಿತ್ತು. ಚಿಕ್ಕಮ್ಮ ಬಿಸಿ ಚಮಚದಿಂದ ಅದರ ಬೆನ್ನು ಸವರಿ ಬಿರುಕು ಮುಚ್ಚಿದರು. ಕಣ್ಣು ಮಾತ್ರ ಒಂದೇ. ಯಾಕೆಂದು ಗೆಳತಿಯೊಬ್ಬಳು ಕೇಳಿದ್ದಕ್ಕೆ ನಮ್ಮ ಹುಡುಗಿ ತಾತನ ಕಡೆ ನೋಡಿ, “ಕಣ್ಣಡಿಕ್ಕುದು,” ಎಂದಳು. ಕಣ್ಣು ಹೊಡೀತಾ ಇದೆಯಂತೆ!

ಆ ಹಸಿರು ಕಲೆ ಪಂಚೆಯಿಂದ ಇನ್ನೂ ಹೋಗಿಲ್ಲ. ಚಿಕ್ಕಪ್ಪ ಅದನ್ನೇ ಉಡುತ್ತಾರೆ. ಚಿಕ್ಕಮ್ಮ ಕೇಳಿದಾಗಲೆಲ್ಲ ಮುಖ ಗಂಟಿಕ್ಕಿ ಹೇಳುತ್ತಾರೆ: “ಸೋಪಿನ ತಪ್ಪು.”