ಎಮ್ಮೆಲ್ಲೆ ಬರುವತನಕ ಅಕ್ಕಿಕಾಳು

ದೇವರನ್ನು ಮದುವೆಗೆ ಕರೆಯುವುದು ಬಹಳ ಸುಲಭ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ ಜಗಲಿಯ ಮೇಲಿಟ್ಟು, "ಬರಬೇಕಪ್ಪಾ ಮಲ್ಲಯ್ಯಾ" ಎಂದು ಕೈ ಮುಗಿದರೆ ಆಯಿತು. ಅವನು ಎಷ್ಟೊತ್ತಿಗೆ ಬರುತ್ತಾನೋ ಎಂದು ಯಾರೂ ಗೇಟಿನ ಕಡೆ ಕತ್ತು ಚಾಚಿ ನಿಲ್ಲುವುದಿಲ್ಲ. ಎಮ್ಮೆಲ್ಲೆ ಸಾಹೇಬರ ಮಾತು ಹಾಗಲ್ಲ. ಅವರು ಬರುವುದಿಲ್ಲ ಅಂದರೆ ನಮ್ಮ ಮನೆಯವರಿಗೆ ಅವಮಾನ. ಬರುತ್ತೇನೆ ಅಂದರೆ ನನಗೆ ಎದೆಬಡಿತ. ನಮ್ಮ ಮಗಳು ಗಿರಿಜಾಳ ಮದುವೆಗೆ ಅವರು ಬರುತ್ತೇನೆ ಅಂದುಬಿಟ್ಟರು.

ನನ್ನ ತವರು ಲಿಂಗಸುಗೂರು, ಕೊಟ್ಟ ಮನೆ ಮಸ್ಕಿ, ಈಗ ಬೀಗರು ಸಿಂಧನೂರಿನವರು. ನಾನು ಸೊಸೆಯಾಗಿ ಬಂದಾಗ ಮಸ್ಕಿ ಅನ್ನುವ ವಿಧಾನಸಭಾ ಕ್ಷೇತ್ರವೇ ಇರಲಿಲ್ಲ. ಆಮೇಲೆ ಯಾರೋ ನಕ್ಷೆಯ ಮೇಲೆ ಗೆರೆ ಎಳೆದರಂತೆ. ನಮ್ಮ ಮನೆ ಸರಿಯಲಿಲ್ಲ, ಅಂಗಳದ ತುಳಸಿಕಟ್ಟೆಯೂ ಸರಿಯಲಿಲ್ಲ, ಆದರೂ ನಾವು ಹೊಸ ಕ್ಷೇತ್ರದವರಾದೆವು. ಹೀಗಾಗಿ ತವರಿನ ಶಾಸಕರು, ನಮ್ಮ ಶಾಸಕರು, ಬೀಗರ ಶಾಸಕರು ಮೂವರೂ ಲಗ್ನಪತ್ರಿಕೆಯಲ್ಲಿ ಬಂದರು. ಮದುಮಗನ ಹೆಸರನ್ನು ಮಾತ್ರ ಹುಡುಕಿ ಓದಬೇಕಾಯಿತು. ಪುಣ್ಯಕ್ಕೆ ನಮ್ಮವರನ್ನು ಬಿಟ್ಟು ಉಳಿದಿಬ್ಬರು ಶುಭಾಶಯ ಹೇಳಿ ಕಳಿಸಿ ಸುಮ್ಮನಾದರು.

ನನ್ನ ಮದುವೆಗೂ ಆಗಿನ ಎಮ್ಮೆಲ್ಲೆ ಬಂದಿದ್ದರು. ಬೆಳಗಿನ ಕೆಂಪು ಬಸ್ಸಿಗೆ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ಬೀಗರಿಗಿಂತ ಮೊದಲೇ. ತಾಳಿ ಕಟ್ಟಿಸಲು ನಮ್ಮಪ್ಪ, ಪುರೋಹಿತರು ಇಬ್ಬರೂ ಅವರ ಅಪ್ಪಣೆಗಾಗಿ ಕೈಕಟ್ಟಿ ನಿಂತರೆ, ಅವರು ಪುರೋಹಿತರ ಮೇಲೆಯೇ ಜೋರು ಮಾಡಿದರು: "ಅಯ್ನೋರ, ನನ್ನ ಮಾರಿ ಏನ್ ನೋಡ್ತೀರಿ? ಪಂಚಾಂಗ ನೋಡ್ರಿ!" ಊಟಕ್ಕೆ ಪಂಕ್ತಿಯಲ್ಲಿ ಕೂತು, "ಏ ತಂಗಿ, ಹುಗ್ಗಿಗೆ ಇನ್ನಷ್ಟು ತುಪ್ಪ ಹಾಕವ್ವಾ" ಎಂದು ಕೇಳಿ ಉಂಡರು. ಅವರ ನಂತರದವರು ಜೀಪಿನಲ್ಲಿ ಬಂದು ನಿಂತೇ ಚಹಾ ಕುಡಿದು ಹೋಗುತ್ತಿದ್ದರು. ಆಮೇಲಿನವರಂತೂ ನನ್ನ ನಾದಿನಿಯ ಮದುವೆಯಲ್ಲಿ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜು ಇಳಿಯಿತು, ಒಂದು ಕೈ ಹೊರಬಂತು, ಅದರಲ್ಲಿ ಅಕ್ಕಿಕಾಳು ಇಟ್ಟೆವು, ಕೈ ಅಲ್ಲಿಂದಲೇ ಹರಸಿತು. ನಾದಿನಿ ಇವತ್ತಿಗೂ ಸುಖವಾಗಿದ್ದಾಳೆ. ಕಿಟಕಿಯಿಂದ ಬಂದ ಆಶೀರ್ವಾದವನ್ನೂ ದೇವರು ಜಮಾ ಮಾಡಿಕೊಳ್ಳುತ್ತಾನೆ.

ಗಿರಿಜಾಳ ಮದುವೆಗೆ ಅಭಿಜಿನ್ ಮುಹೂರ್ತ. ಅದು ತಪ್ಪಿದರೆ ಮುಂದೆ ರಾಹುಕಾಲ. ಮಗಳ ತಾಳಿ ರಾಹುಕಾಲಕ್ಕೆ ಬಿದ್ದರೆ ತಾಯಿಯ ಜೀವ ಹೇಗೆ ತಡೆದೀತು? ಹೊತ್ತು ಏರುತ್ತಿತ್ತು. ನಮ್ಮ ಮನೆಯವರು ಮಾತ್ರ ಮೊಬೈಲ್ ಕಿವಿಗೆ ಹಚ್ಚಿಕೊಂಡು, "ಇಲ್ಲೇ ಕ್ರಾಸಿಗೆ ಬಂದಾರಂತ" ಎನ್ನುತ್ತಿದ್ದರು.

"ರೀ, ತಾಳಿ ಕಟ್ಟೋದು ಎಮ್ಮೆಲ್ಲೆ ಏನು? ಅಳಿಯ ಬಂದು ಕುಂತಾನಲ್ರಿ!"

"ನಿನಗ ತಿಳಿಯಂಗಿಲ್ಲ, ಸುಮ್ನಿರು. ಹೂವಿನ ಮಾಲಿ ತರಿಸೀನಿ, ಶಾಲು ತರಿಸೀನಿ."

ಬ್ಯಾಂಡಿನವರಿಗೂ ಅವರು ಕಟ್ಟಾಜ್ಞೆ ಮಾಡಿದ್ದರು: "ಬಿಳಿ ಗಾಡಿ ಗೇಟಿನೊಳಗ ಬಂತಂದ್ರ ಜೋರ್ ಬಾರಸ್ರಿ." ನಮ್ಮ ಕಡೆ ಬ್ಯಾಂಡು ಒಮ್ಮೆಲೇ ಜೋರಾಯಿತೆಂದರೆ ತಾಳಿಯ ಹೊತ್ತು ಬಂತೆಂದೇ ಅರ್ಥ, ಜನ ಕೈಯಲ್ಲಿದ್ದ ಅಕ್ಕಿಕಾಳು ಎರಚಿಯೇ ಬಿಡುತ್ತಾರೆ. ನಾನು ಸೆರಗು ಬಿಗಿಹಿಡಿದು ಮಲ್ಲಯ್ಯನನ್ನು ನೆನೆಯುತ್ತ ನಿಂತೆ.

ಬಿಳಿ ಗಾಡಿ ಬಂತು. ಬ್ಯಾಂಡು ಸಿಡಿಯಿತು. ಕಾದು ಬೇಸತ್ತಿದ್ದ ಅಯ್ಯನವರು ತಾಳಿಯನ್ನು ಅಳಿಯನ ಕೈಗೆ ತುರುಕಿದರು. ಅಕ್ಕಿಕಾಳು ಮಳೆಯಂತೆ ಬಿದ್ದವು. ಗೇಟಿನಲ್ಲಿದ್ದ ಹುಡುಗರು ಇಳಿದವನ ಮುಖವನ್ನೂ ನೋಡದೆ ಮಾಲೆ ಹಾಕಿದರು. ಇಳಿದವನು ಅಡುಗೆಯವರಿಗೆ ಮೊಸರು ತಂದವನು, ಕೈಯಲ್ಲಿ ಕ್ಯಾನು ಬೇರೆ.

"ಏ, ನಿಲ್ಲಸ್ರಲೇ! ಅದು ಮೊಸರಿನ ಗಾಡಿ!" ಎಂದು ನಮ್ಮ ಮನೆಯವರು ಕೂಗಿದ್ದು ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

"ಯಣ್ಣಾ, ಮಾಲಿ ಇರ್ಲಿ, ಮೊದ್ಲು ಕ್ಯಾನ್ ಹಿಡೀರಿ" ಅಂದನಂತೆ ಆ ಪುಣ್ಯಾತ್ಮ. ಅಷ್ಟರಲ್ಲಿ ಗಿರಿಜಾಳ ಕೊರಳಲ್ಲಿ ತಾಳಿ ಬಿದ್ದಿತ್ತು, ಮುಹೂರ್ತದೊಳಗೇ. ನಾನು ಆ ಮೊಸರಿನವನಿಗೆ ಶಾಲನ್ನೂ ಹೊದಿಸಿಬಿಡುತ್ತಿದ್ದೆ. ಆದರೆ ನಮ್ಮ ಮನೆಯವರು ಅದನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದಿದ್ದರು.

ಎಮ್ಮೆಲ್ಲೆ ಸಾಹೇಬರು ಬಂದದ್ದು ಊಟದ ಪಂಕ್ತಿ ಏಳುವ ಹೊತ್ತಿಗೆ. ಚೆನ್ನಾಗಿ ನಾಲ್ಕು ಮಾತು ಕೇಳಬೇಕು ಎಂದು ಟೊಂಕ ಕಟ್ಟಿಕೊಂಡು ಹೋದೆ. ಅವರು ಕೈ ಮುಗಿದು, "ಅಕ್ಕಾರ, ತಡ ಆತು, ತಪ್ಪು ತಿಳೀಬ್ಯಾಡ್ರಿ" ಅಂದರು. "ಅಯ್ಯ, ಅದರಾಗೇನೈತ್ರಿ, ನೀವು ಬಂದದ್ದ ದೊಡ್ಡದು" ಅಂದಿತು ನನ್ನ ಬಾಯಿ. ಕಾಲುಗಳೂ ಬಾಯಿಯ ಮಾತೇ ಕೇಳಿ, ವೇದಿಕೆಯ ಮೇಲೆ ಅವರ ಪಕ್ಕಕ್ಕೇ ಹೋಗಿ ನಿಂತವು. ಕ್ಯಾಮೆರಾ ಮಿಂಚಿತು.

"ಯವ್ವಾ, ನನ್ನ ಮದುವಿ ಫೋಟೋದಾಗ ನೀನು, ಎಮ್ಮೆಲ್ಲೆ ಇಬ್ರ ಅದೀರಿ. ನನ್ನ ಮೂಗಷ್ಟ ಐತಿ" ಎಂದು ಗಿರಿಜಾ ತವರಿಗೆ ಬಂದಾಗಲೆಲ್ಲ ಛೇಡಿಸುತ್ತಾಳೆ. ಮೂಗಿನ ಜೊತೆ ನತ್ತೂ ಸ್ಪಷ್ಟವಾಗಿ ಬಂದಿದೆ, ದೇವರ ದಯೆ. ಅದಕ್ಕೇ ಆ ಫೋಟೋವನ್ನೇ ದೊಡ್ಡದು ಮಾಡಿಸಿ, ಪಡಸಾಲೆಗೆ ಕಾಲಿಟ್ಟವರಿಗೆ ಮೊದಲು ಕಾಣುವ ಗೋಡೆಗೆ ಹಾಕಿಸಿದ್ದೇನೆ.